ಗಾಳಿಯ ಲೆಕ್ಕದಲ್ಲಿ ಪರಾಗವೂ ಸೇರಲಿ

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ನಮ್ಮ ಊರುಗಳ ಔಷಧಿ ಅಂಗಡಿಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: ‘ಡಸ್ಟ್ ಅಲರ್ಜಿ, ಒಂದು ಪಟ್ಟಿ ಸೆಟ್ರಿಜಿನ್ ಕೊಡಿ.’ ಎದ್ದ ಕೂಡಲೇ ಸಾಲುಸಾಲು ಸೀನು, ಕಣ್ಣಲ್ಲಿ ತುರಿಕೆ, ಅಂಗುಳಲ್ಲಿ ನವೆ, ರಾತ್ರಿ ಮಲಗಿದ ಮಗುವಿನ ಎದೆಯಲ್ಲಿ ಗೊರಗೊರ. ಊರಿಂದ ಬಂದು ನೆಲೆಸಿದವರು ‘ಬೆಂಗಳೂರಿನ ಹವಾ ನಮಗೆ ಹಿಡಿಸಲಿಲ್ಲ’ ಎಂದು ಸುಮ್ಮನಾಗುತ್ತಾರೆ. ಧೂಳು ಕಾರಣವಿರಬಹುದು. ಹಾಸಿಗೆಯ ನುಸಿ, ವಾಹನಗಳ ಹೊಗೆ, ಗೋಡೆಯ ಬೂಷ್ಟು ಕೂಡ ಇರಬಹುದು. ಆದರೆ ಪ್ರತಿವರ್ಷ ಅದೇ ತಿಂಗಳಲ್ಲಿ ಬಂದು ಅದೇ ತಿಂಗಳಲ್ಲಿ ಹೋಗುವ ತೊಂದರೆ ಇದ್ದರೆ ಇನ್ನೊಂದು ಕಾರಣವನ್ನೂ ವಿಚಾರಿಸಲೇಬೇಕು. ಅದು ಮರದ ಪರಾಗ.

ಪರಾಗ ಯಾವ ದಿನ ಎಷ್ಟು ಹೊರಬೀಳಬೇಕು, ಎಲ್ಲಿಯವರೆಗೆ ಹೋಗಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಹವಾಮಾನ. ಹವಾಮಾನವನ್ನು ನಾವು ಹೋಬಳಿ ಹೋಬಳಿಯಲ್ಲಿ ಅಳೆಯುತ್ತಿದ್ದೇವೆ. ಆದರೆ ಬೆಳಗಿನ ಹವಾಮಾನ ವರದಿಯಲ್ಲಿ ಉಷ್ಣಾಂಶ ಇರುತ್ತದೆ, ಮಳೆಯ ಮುನ್ಸೂಚನೆ ಇರುತ್ತದೆ, ಪರಾಗದ ಸಂಖ್ಯೆ ಇರುವುದಿಲ್ಲ. ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಎಂಟು ಮಾಲಿನ್ಯಕಾರಕಗಳು ಸೇರಿವೆ. ಪರಾಗ ಅದರಲ್ಲೂ ಇಲ್ಲ. ಸೂಚ್ಯಂಕ ಹಸಿರು ಬಣ್ಣ ತೋರಿಸುವ ದಿನವೇ ಅಲರ್ಜಿ ಇರುವವರು ಉಸಿರಿಗೆ ಒದ್ದಾಡಬಹುದು. ಈ ಕೊರತೆ ನೀಗಬೇಕು, ಅದನ್ನು ಕೇಳುವವರು ನಾವೇ ಆಗಬೇಕು ಎಂದು ನಿಮ್ಮಲ್ಲಿ ಬೇಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲು, ತಪ್ಪಿಲ್ಲದ ಮರಗಳ ಪರವಾಗಿ ಒಂದು ಮಾತು. ಸೀನು ಬಂದಾಗ ನಮ್ಮ ಕಣ್ಣು ಹೋಗುವುದು ಎದುರಿಗೆ ಮೈತುಂಬ ಹೂ ಹೊತ್ತು ನಿಂತ ಮರದ ಮೇಲೆ. ಬೇಸಿಗೆಗೆ ಮುಂಚೆ ರಸ್ತೆಯುದ್ದ ನಸುಗೆಂಪು ಚೆಲ್ಲುವ ಟಬೆಬುಯಾ, ಅದರ ಹಿಂದೆಯೇ ಬರುವ ಜಕರಂಡ, ಹೊಂಗೆ, ಗುಲ್‌ಮೊಹರ್ ಎಲ್ಲಕ್ಕೂ ಬೈಗುಳ ತಪ್ಪಿದ್ದಲ್ಲ. ಮರಕ್ಕೆ ಬಣ್ಣ, ಕಂಪು, ಮಕರಂದ ಇರುವುದು ಜೇನು, ಚಿಟ್ಟೆ, ಹಕ್ಕಿಗಳನ್ನು ಕರೆಯುವುದಕ್ಕೆ. ಅಂಥ ಹೂವಿನ ಪರಾಗ ಸಾಮಾನ್ಯವಾಗಿ ಭಾರವಾಗಿ, ಅಂಟಂಟಾಗಿ ಇರುತ್ತದೆ. ಕೀಟದ ಕಾಲಿಗೆ ಅಂಟಿ ಹೋಗುತ್ತದೆಯೇ ಹೊರತು ಗಾಳಿಯಲ್ಲಿ ಹೆಚ್ಚು ದೂರ ಹಾರುವುದಿಲ್ಲ. 1908ರಲ್ಲಿ ಬೆಂಗಳೂರಿಗೆ ಬಂದ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಒಂದು ಮರದ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಆರಿಸಿದರು. ಆ ಬಣ್ಣದ ಮರಗಳಲ್ಲಿ ಹೆಚ್ಚಿನವು ಕೀಟಗಳನ್ನೇ ನೆಚ್ಚಿದವು. ಬೂರುಗದ ಮರದಿಂದ ಹಾರಿ ಬರುವ ಹತ್ತಿಯನ್ನು ಕಂಡೂ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಅದು ಬೀಜದ ನೂಲು, ಪರಾಗವಲ್ಲ.

ಆಲ, ಅರಳಿ, ಅತ್ತಿ, ಗೋಣಿಮರಗಳಂತೂ ಇನ್ನೂ ನಿರುಪದ್ರವಿ. ಇವುಗಳ ಹೂವು ಇರುವುದೇ ಹಣ್ಣಿನಂತೆ ಕಾಣುವ ಮುಚ್ಚಿದ ಗುಂಡಿನೊಳಗೆ. ಕಿರುಕಣಜವೊಂದು ಒಳಹೊಕ್ಕು ಪರಾಗಸ್ಪರ್ಶ ಮಾಡಿಸಬೇಕು. ಗಾಳಿಗೆ ಅಲ್ಲಿ ಕೆಲಸವೇ ಇಲ್ಲ. ಹುಲಿಕಲ್‌ನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕ ನೆಟ್ಟು ನೀರೆರೆದ ಆಲದ ಸಾಲು ಪರಾಗದ ದೃಷ್ಟಿಯಿಂದಲೂ ಅತ್ಯಂತ ಸುರಕ್ಷಿತವಾದ ನೆರಳು.

ಗಾಳಿಯನ್ನೇ ನೆಚ್ಚಿದ ಮರಗಳನ್ನು ನಾವು ಗಮನಿಸುವುದಿಲ್ಲ. ಅವಕ್ಕೆ ಬಣ್ಣದ ಹಂಗಿಲ್ಲ. ಸರ್ವೆ ಮರದ ಗಂಡು ಹೂಗಳು ಸೂಜಿಯಂಥ ಕಡ್ಡಿಗಳ ತುದಿಯಲ್ಲಿ ಕಂದು ಬಣ್ಣದ ಸಣ್ಣ ತೆನೆಗಳಾಗಿರುತ್ತವೆ. ತಪಸಿ ಮರ ಚಳಿಗಾಲದ ಕೊನೆಯಲ್ಲಿ, ಎಲೆ ಉದುರಿದ ಬರಿಗೊಂಬೆಗಳ ಮೇಲೆ ಹಸಿರುಮಿಶ್ರಿತ ಪುಟ್ಟ ಹೂಗಳನ್ನು ಬಿಡುತ್ತದೆ. ಎಲೆಯ ಅಡ್ಡಿಯಿಲ್ಲದ್ದರಿಂದ ಪರಾಗ ನೇರ ಗಾಳಿಗೆ ಸಿಗುತ್ತದೆ. ದೆಹಲಿ, ಜೈಪುರದ ಕಡೆ ಅಲರ್ಜಿ ವೈದ್ಯರು ಮೊದಲು ಹೆಸರಿಸುವ ಮರಗಳಲ್ಲಿ ತಪಸಿಯೂ ಒಂದು. ಈಚಲಿನಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಗಂಡು ಮರದ ಹೊಂಬಾಳೆ ಅಲ್ಲಾಡಿಸಿದರೆ ಹಿಟ್ಟಿನಂತೆ ಉದುರುವುದು ಪರಾಗ. ತೆಂಗು, ಅಡಿಕೆಯ ಪರಾಗವೂ ಗಾಳಿಯಲ್ಲಿ ಸಿಗುತ್ತದೆ, ಕೆಲವರಿಗೆ ತಾಗುತ್ತದೆ. ಇನ್ನು ಬಳ್ಳಾರಿ ಜಾಲಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ತಂದ ಈ ಮರ ನಮ್ಮ ಬಯಲುಸೀಮೆಯ ಕೆರೆಯಂಗಳ, ಹಳ್ಳದ ದಂಡೆ, ಪಾಳುಭೂಮಿಗಳನ್ನು ಆವರಿಸಿಕೊಂಡಿದೆ. ಜೇನೂ ಬರುತ್ತದೆ, ಗಾಳಿಗೂ ಸಾಕಷ್ಟು ಪರಾಗ ಹೋಗುತ್ತದೆ. ರಾಜಸ್ಥಾನದಿಂದ ಕುವೈತ್‌ವರೆಗೆ ಒಣನಾಡುಗಳಲ್ಲಿ ಇದು ಹೆಸರಾಂತ ಅಲರ್ಜಿಕಾರಕ.

ಈಗ ಹವಾಮಾನದ ಕೆಲಸ ನೋಡಿ. ಪರಾಗಕೋಶ ಬಾಯಿ ತೆರೆಯಬೇಕಾದರೆ ಅದರ ಗೋಡೆ ಒಣಗಬೇಕು. ಬಿಸಿಲಿಗೆ ಒಣಗಿದ ತೊಗರಿಕಾಯಿ ಸಿಡಿಯುವಂತೆ, ತೇವ ಆರಿದ ಮೇಲೆ ಕೋಶ ಸೀಳಿ ಪರಾಗ ಹೊರಬರುತ್ತದೆ. ಆದ್ದರಿಂದ ಇಬ್ಬನಿ ಇರುವವರೆಗೆ ಮರ ಬಿಗಿಹಿಡಿದುಕೊಂಡಿರುತ್ತದೆ. ಬಿಸಿಲೇರಿ ಇಬ್ಬನಿ ಆರುತ್ತಿದ್ದಂತೆ, ಎಂದರೆ ಹೆಚ್ಚಿನ ಮರಗಳಿಗೆ ಬೆಳಗಿನ ಎರಡನೇ ಅರ್ಧದಲ್ಲಿ, ಒಮ್ಮೆಲೇ ಬಿಟ್ಟುಕೊಡುತ್ತದೆ. ನಮ್ಮ ಒಳನಾಡಿನಲ್ಲಿ ಫೆಬ್ರುವರಿ, ಮಾರ್ಚ್‌ನ ಗಾಳಿ ಎಷ್ಟು ಒಣ ಎಂಬುದು ಒಡೆದ ತುಟಿ, ಹಿಮ್ಮಡಿಗಳಿಗೆ ಗೊತ್ತು. ಬೆಂಗಳೂರಿನಲ್ಲೇ ಮಾರ್ಚ್ ಮಧ್ಯಾಹ್ನಗಳಲ್ಲಿ ಗಾಳಿಯ ಸಾಪೇಕ್ಷ ತೇವಾಂಶ ಶೇ 30ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಪರಾಗಕ್ಕೆ ಇದಕ್ಕಿಂತ ಅನುಕೂಲದ ಕಾಲ ಬೇರೆ ಬೇಕಿಲ್ಲ.

ಹೊರಬಿದ್ದ ಕಣ ಎಲ್ಲಿಗೆ ಹೋಗುತ್ತದೆ? ಗಾಳಿಮರಗಳ ಪರಾಗಕಣದ ಅಡ್ಡಳತೆ ಸಾಮಾನ್ಯವಾಗಿ 20ರಿಂದ 40 ಮೈಕ್ರಾನ್. ನಿಶ್ಚಲ ಗಾಳಿಯಲ್ಲಿ ಇಂಥ ಕಣ ಸೆಕೆಂಡಿಗೆ ಸುಮಾರು 2 ಸೆಂಟಿಮೀಟರ್‌ನಷ್ಟು ನಿಧಾನವಾಗಿ ಇಳಿಯುತ್ತದೆ. 10 ಮೀಟರ್ ಎತ್ತರದ ಕೊಂಬೆಯಿಂದ ನೆಲ ಮುಟ್ಟಲು ಎಂಟು ನಿಮಿಷಕ್ಕೂ ಹೆಚ್ಚು ಬೇಕು. ಸೆಕೆಂಡಿಗೆ 3 ಮೀಟರ್ ವೇಗದ ಸಾಧಾರಣ ಗಾಳಿ ಬೀಸಿದರೂ ಅಷ್ಟರಲ್ಲಿ ಅದು ಒಂದೂವರೆ ಕಿಲೋಮೀಟರ್ ಸಾಗಿರುತ್ತದೆ. ಇದು ಗಾಳಿ ಸಮತಟ್ಟಾಗಿ ಬೀಸಿದರೆ ಮಾತ್ರ. ಕಾದ ನೆಲದಿಂದ ಮೇಲೇಳುವ ಬಿಸಿಗಾಳಿ ಕಣವನ್ನು ನೂರಾರು ಮೀಟರ್ ಎತ್ತರಕ್ಕೆ ಒಯ್ದರೆ ಹತ್ತಾರು ಕಿಲೋಮೀಟರ್ ಪ್ರಯಾಣವೂ ಕಷ್ಟವಲ್ಲ. ಹಾಗಾಗಿ ಮನೆ ಮುಂದಿನ ಒಂದು ಮರ ಕಡಿಸಿದರೆ ಅಲರ್ಜಿ ಹೋಗುತ್ತದೆ ಎಂಬ ನಂಬಿಕೆಗೆ ಬುಡವಿಲ್ಲ. ನಿಮ್ಮ ಮೂಗಿಗೆ ಬಂದದ್ದು ಪಕ್ಕದ ಊರಿನ ತೋಪಿನದೇ ಇರಬಹುದು.

ಸಂಜೆಯ ಕತೆ ಬೇರೆ. ಹಗಲು ಮೇಲೇರಿದ ಪರಾಗ, ನೆಲ ತಣ್ಣಗಾಗಿ ಬಿಸಿಗಾಳಿಯ ಆಸರೆ ತಪ್ಪುತ್ತಿದ್ದಂತೆ ಕೆಳಗಿಳಿಯುತ್ತದೆ. ಚಳಿಗಾಲದ ನಿರ್ಮಲ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಉಳಿದು, ನೆಲದ ಬಳಿಯ ಗಾಳಿಗೆ ಮುಚ್ಚಳ ಬಿದ್ದಂತಾಗುತ್ತದೆ. ವಾಹನದ ಹೊಗೆಯೂ ಅದರಡಿ, ಪರಾಗವೂ ಅದರಡಿ. ಡೀಸೆಲ್ ಹೊಗೆಯ ಕಣಗಳು ಪರಾಗಕ್ಕೆ ಅಂಟುತ್ತವೆ, ಹೊಗೆಯಿಂದ ಕೆರಳಿದ ಶ್ವಾಸನಾಳಕ್ಕೆ ಅಲರ್ಜಿ ಸುಲಭವಾಗಿ ತಾಗುತ್ತದೆ. ‘ಹಗಲೆಲ್ಲ ಚೆನ್ನಾಗಿದ್ದೆ, ರಾತ್ರಿ ಕೆಮ್ಮು ಶುರುವಾಯಿತು’ ಎನ್ನುವವರ ಮಾತನ್ನು ಮನೆಯವರು ತಳ್ಳಿಹಾಕಬಾರದು.

ಕರಾವಳಿಯಲ್ಲಿ ಗಾಳಿ ದಿನಕ್ಕೆರಡು ಬಾರಿ ದಿಕ್ಕು ಬದಲಿಸುತ್ತದೆ. ಕಾರವಾರದ ಕಡೆ 1860ರ ದಶಕದಿಂದಲೇ ಸರ್ವೆ ಬೆಳೆಸುತ್ತಾ ಬಂದಿದ್ದಾರೆ. ಕಡಲಂಚಿನ ಆ ಗಾಳಿಮರಗಳ ಪರಾಗವನ್ನು ಮಧ್ಯಾಹ್ನದ ಕಡಲಗಾಳಿ ಊರೊಳಗೆ ತರುತ್ತದೆ, ರಾತ್ರಿಯ ನೆಲಗಾಳಿ ಹಿಂದಕ್ಕೆ ಒಯ್ಯುತ್ತದೆ. ಆದರೆ ಅಲ್ಲಿನ ತೇವ ಒಳನಾಡಿಗಿಂತ ಹೆಚ್ಚು. ಅದಕ್ಕೇ ಒಂದೇ ಮರಕ್ಕೆ ಕಾರವಾರದಲ್ಲಿ ಒಂದು ಲೆಕ್ಕ, ಕೋಲಾರದಲ್ಲಿ ಇನ್ನೊಂದು. ರಾಜ್ಯಕ್ಕೆಲ್ಲ ಸೇರಿ ಒಂದೇ ಪರಾಗ ಪಟ್ಟಿ ಮಾಡಿ ಕೈತೊಳೆದುಕೊಳ್ಳಲು ಆಗುವುದಿಲ್ಲ.

ಮಳೆಯ ವಿಷಯದಲ್ಲಿ ನಮ್ಮ ಅಂದಾಜು ಹೆಚ್ಚು ತಪ್ಪುತ್ತದೆ. ಮಳೆ ಬಂದರೆ ಗಾಳಿ ತೊಳೆದುಹೋಗುತ್ತದೆ ಎನ್ನುವುದು ಅರ್ಧ ನಿಜ. ಗಂಟೆಗಟ್ಟಲೆ ಹಿಡಿದ ಜಡಿಮಳೆ ಪರಾಗವನ್ನು ನೆಲಕ್ಕೆ ಇಳಿಸುತ್ತದೆ, ಒದ್ದೆಯಾದ ಕೋಶಗಳು ತೆರೆಯುವುದೂ ಇಲ್ಲ. ಆದರೆ ಹೂ ಬಿಟ್ಟ ಕಾಲದಲ್ಲಿ ಮಳೆ ನಿಂತ ಮರುದಿನ ಬಿಸಿಲು ಬಿದ್ದರೆ, ತಡೆದು ನಿಂತ ಕೋಶಗಳೆಲ್ಲ ಒಟ್ಟಿಗೆ ಬಿರಿಯುತ್ತವೆ. ‘ನಿನ್ನೆ ಮಳೆ ಬಂತು, ಇವತ್ತು ಧೂಳಿಲ್ಲ’ ಎಂದು ಮಗುವನ್ನು ಧೈರ್ಯವಾಗಿ ಹೊರಗೆ ಬಿಡುವ ದಿನವೇ ಅದು. ಮಳೆ ಹೂವನ್ನು ಹೊರಡಿಸಲೂಬಲ್ಲದು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಮಾರ್ಚ್, ಏಪ್ರಿಲ್‌ನ ಹೂಮಳೆಗೆ ಕಾದು ಕೂರುವುದು, ಮಳೆ ಬಿದ್ದ ಸುಮಾರು ಹತ್ತು ದಿನಕ್ಕೆ ತೋಟ ಬೆಳ್ಳಗಾಗುವುದು ನಮಗೆಲ್ಲ ಗೊತ್ತು. ಮರ ಹವೆಯನ್ನು ಓದುತ್ತದೆ ಎಂಬುದಕ್ಕೆ ಕನ್ನಡಿಗರಿಗೆ ಬೇರೆ ಪಾಠ ಬೇಕಿಲ್ಲ.

ಅತ್ಯಂತ ಅಪಾಯದ್ದು ಗುಡುಗು ಮಳೆಯ ಮುಂಚಿನ ಆ ಹತ್ತಿಪ್ಪತ್ತು ನಿಮಿಷ. ಮಳೆ ಇನ್ನೂ ಬಿದ್ದಿಲ್ಲ, ತಣ್ಣನೆಯ ಗಾಳಿ ನುಗ್ಗಿ ಬಂದು ಧೂಳೆಬ್ಬಿಸಿ ಕಿಟಕಿ ಬಡಿಯುತ್ತದೆ. ಮೋಡದೊಳಗೆ ಸೇರಿದ ಪರಾಗಕಣ ನೀರು ಹೀರಿ ಒಡೆದು ನೂರಾರು ಚೂರಾಗುತ್ತದೆ. ಇಡೀ ಕಣವಾಗಿದ್ದರೆ ಮೂಗು, ಕಣ್ಣಿನಲ್ಲೇ ನಿಲ್ಲುತ್ತಿತ್ತು. ಚೂರುಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮೋಡದಿಂದ ಕೆಳಗೆ ನುಗ್ಗುವ ಗಾಳಿ ಆ ಚೂರುಗಳನ್ನು ಮನುಷ್ಯರ ಉಸಿರಿನ ಎತ್ತರಕ್ಕೆ ತಂದು ಹರಡುತ್ತದೆ. 2016ರ ನವೆಂಬರ್ 21ರ ಸಂಜೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಆದದ್ದು ಇದೇ. ಅಲ್ಲಿ ಹಾರಿದ್ದು ಮರದ್ದಲ್ಲ, ರೈಹುಲ್ಲಿನ ಪರಾಗ. ಸಾವಿರಾರು ಜನ ಉಸಿರಾಟದ ತೊಂದರೆಯಿಂದ ಆಸ್ಪತ್ರೆಗಳಿಗೆ ಧಾವಿಸಿದರು, ಹತ್ತು ಮಂದಿ ಸತ್ತರು. ಬಂದವರಲ್ಲಿ ಅನೇಕರಿಗೆ ತಮಗೆ ಆಸ್ತಮಾ ಇದೆಯೆಂದೇ ಅದುವರೆಗೆ ಗೊತ್ತಿರಲಿಲ್ಲ. ಮರುವರ್ಷವೇ ವಿಕ್ಟೋರಿಯಾ ರಾಜ್ಯ ಗುಡುಗು ಆಸ್ತಮಾ ಮುನ್ಸೂಚನೆ ವ್ಯವಸ್ಥೆಯನ್ನು ಶುರುಮಾಡಿತು. ಬರ್ಚ್‌ನಂಥ ಮರಗಳ ಪರಾಗವೂ ಹೀಗೆ ಒಡೆಯುತ್ತದೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಏಪ್ರಿಲ್, ಮೇ ತಿಂಗಳ ನಮ್ಮ ಸಂಜೆಗಳು ಎಂಥವೆಂದು ನಿಮಗೆ ಹೇಳಬೇಕಾಗಿಲ್ಲ. ಅಂಥದೊಂದು ಸಂಜೆ ಇಲ್ಲಿಗೂ ಬಂದರೆ ಅದನ್ನು ಮುಂಚಿತವಾಗಿ ಗುರುತಿಸಲು ಪರಾಗದ ದಿನನಿತ್ಯದ ಎಣಿಕೆ ಕೈಯಲ್ಲಿರಬೇಕು.

ಎಣಿಸುವುದು ಅಸಾಧ್ಯದ ಕೆಲಸವಲ್ಲ. 1952ರಲ್ಲಿ ಹರ್ಸ್ಟ್ ಎಂಬ ಬ್ರಿಟಿಷ್ ವಿಜ್ಞಾನಿ ರೂಪಿಸಿದ ಯಂತ್ರದ ಮಾದರಿಯೇ ಇಂದಿಗೂ ಜಗತ್ತಿನ ಬಹುಪಾಲು ಕೇಂದ್ರಗಳಲ್ಲಿದೆ. ಕಟ್ಟಡದ ಚಾವಣಿಯ ಮೇಲೆ ನಿಂತ ಈ ಯಂತ್ರ ನಿಮಿಷಕ್ಕೆ 10 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ, ಒಬ್ಬ ಮನುಷ್ಯ ಎಳೆದುಕೊಳ್ಳುವಷ್ಟೇ. ಒಳಗೆ ಅಂಟುಪಟ್ಟಿ ಸುತ್ತಿದ ಡ್ರಮ್ ಗಂಟೆಗೆ 2 ಮಿಲಿಮೀಟರ್ ತಿರುಗುತ್ತಾ ವಾರವಿಡೀ ಕಣಗಳನ್ನು ಹಿಡಿದಿಡುತ್ತದೆ. ಆಮೇಲೆ ಸೂಕ್ಷ್ಮದರ್ಶಕದಡಿ ಕುಳಿತು ಗುರುತಿಸಿ ಎಣಿಸಲು ತರಬೇತಾದ ಒಂದೆರಡು ಜೊತೆ ಕಣ್ಣು ಬೇಕು, ಅಷ್ಟೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರೊ. ಎಸ್.ಎನ್. ಅಗಾಶೆ ಅವರು ದಶಕಗಳ ಹಿಂದೆಯೇ ನಗರದ ಗಾಳಿಯಲ್ಲಿನ ಪರಾಗವನ್ನು ಅಧ್ಯಯನ ಮಾಡಿದ್ದರು. ಜ್ಞಾನ ನಮ್ಮಲ್ಲಿತ್ತು. ಅದನ್ನು ಪ್ರತಿದಿನದ ಸಾರ್ವಜನಿಕ ಸೇವೆಯಾಗಿ ಬೆಳೆಸಬೇಕಿತ್ತು, ಬೆಳೆಸಲಿಲ್ಲ. ಮೊಬೈಲ್ ಆ್ಯಪ್‌ಗಳು ತೋರಿಸುವ ಪರಾಗ ಸೂಚ್ಯಂಕ ಬಹುಪಾಲು ಗಣಿತದ ಅಂದಾಜು. ನೆಲದ ಮೇಲಿನ ಎಣಿಕೆಗೆ ಅದು ಬದಲಿಯಾಗದು.

ಬೇರೆಯವರು ಮಾಡಿ ತೋರಿಸಿದ್ದಾರೆ. ಚಂಡೀಗಢದಲ್ಲಿ ಪಿಜಿಐ ವೈದ್ಯಕೀಯ ಸಂಸ್ಥೆ ಮತ್ತು ಪಂಜಾಬ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ನಗರಕ್ಕೊಂದು ಪರಾಗ ಪಂಚಾಂಗ ಸಿದ್ಧಪಡಿಸಿ 2021ರಲ್ಲಿ ಪ್ರಕಟಿಸಿದರು. ವಸಂತ ಮತ್ತು ಶರತ್ಕಾಲ ಅಲ್ಲಿನ ಎರಡು ಮುಖ್ಯ ಪರಾಗ ಋತುಗಳು ಎಂದು ಅದು ಗುರುತಿಸಿತು. ಜಪಾನಿನಲ್ಲಿ ಎರಡನೇ ಮಹಾಯುದ್ಧದ ನಂತರ ಬೆಟ್ಟಗಳ ತುಂಬ ಸುಗಿ ಎಂಬ ಒಂದೇ ಜಾತಿಯ ಮರ ನೆಟ್ಟರು. ಈಗ ಆ ಪರಾಗದಿಂದ ಬಳಲುವವರು ಜನಸಂಖ್ಯೆಯ ಮೂರನೇ ಒಂದಕ್ಕಿಂತ ಹೆಚ್ಚು. ಆದರೆ ಅಲ್ಲಿ ಟಿವಿಯ ಹವಾಮಾನ ವರದಿ ಪರಾಗವನ್ನೂ ಹೇಳುತ್ತದೆ. ಹಿಂದಿನ ಬೇಸಿಗೆ ಬಿಸಿಯಾಗಿದ್ದರೆ ಗಂಡು ಮೊಗ್ಗು ಹೆಚ್ಚು ಕಟ್ಟುತ್ತವೆ, ಆದ್ದರಿಂದ ಮುಂದಿನ ವಸಂತದ ಪರಾಗ ಎಷ್ಟಿರಬಹುದೆಂದು ತಿಂಗಳುಗಳ ಮೊದಲೇ ಎಚ್ಚರಿಸುತ್ತಾರೆ. ಇಸ್ಲಾಮಾಬಾದಿನ ಪಾಠ ಇನ್ನೂ ಹತ್ತಿರದ್ದು. 1960ರ ದಶಕದಲ್ಲಿ ಹೊಸ ರಾಜಧಾನಿಯನ್ನು ಬೇಗ ಹಸಿರಾಗಿಸಬೇಕೆಂದು ಕಾಗದದ ಹಿಪ್ಪುನೇರಳೆಯನ್ನು ಬೆಳೆಸಿದರು. ಈಗ ಮಾರ್ಚ್‌ನ ಒಣ ದಿನಗಳಲ್ಲಿ ಅಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 40,000ಕ್ಕೂ ಹೆಚ್ಚು ಪರಾಗಕಣ ಎಣಿಸಿದ ವರ್ಷಗಳಿವೆ. ಅಲ್ಲಿನ ಹವಾಮಾನ ಇಲಾಖೆ ಬಡಾವಣೆವಾರು ಎಣಿಕೆ ಪ್ರಕಟಿಸುತ್ತದೆ, ಮಳೆ ಬಂದ ದಿನ ಆ ಸಂಖ್ಯೆ ಕುಸಿಯುವುದನ್ನು ಜನ ಕಣ್ಣಾರೆ ಕಾಣುತ್ತಾರೆ.

ಕಾಲ ಬೇರೆ ಬದಲಾಗುತ್ತಿದೆ. ಉತ್ತರ ಅಮೆರಿಕದ 60 ಎಣಿಕೆ ಕೇಂದ್ರಗಳ 1990ರಿಂದ 2018ರವರೆಗಿನ ದಾಖಲೆ ನೋಡಿದ ಸಂಶೋಧಕರು, ಪರಾಗ ಋತು ಸುಮಾರು 20 ದಿನ ಮುಂಚೆ ಶುರುವಾಗುತ್ತಿದೆ, ಪರಾಗದ ಪ್ರಮಾಣ ಶೇ 21ರಷ್ಟು ಏರಿದೆ ಎಂದು 2021ರಲ್ಲಿ ವರದಿ ಮಾಡಿದರು. ಅವರಿಗೆ ಇದು ತಿಳಿದದ್ದು ಮೂರು ದಶಕ ಬಿಡದೆ ಎಣಿಸಿದ್ದರಿಂದ. ಇಲ್ಲಿ ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು 1979ರಿಂದ 1999ರವರೆಗೆ 20,000 ಮಕ್ಕಳನ್ನು ಗಮನಿಸಿ, ಆಸ್ತಮಾ ಪ್ರಮಾಣ ಶೇ 9ರಿಂದ ಶೇ 29.5ಕ್ಕೆ ಏರಿದ್ದನ್ನು ದಾಖಲಿಸಿದರು. ಅದರಲ್ಲಿ ಹೊಗೆಯ ಪಾಲು ದೊಡ್ಡದು. ಪರಾಗದ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಬೇಕಾದರೂ ಅದೇ ಎಣಿಕೆ ಬೇಕು.

ಹಾಗಾಗಿ, ಓದುಗರೇ, ನಿಮ್ಮಲ್ಲಿ ಕೇಳುತ್ತಿದ್ದೇನೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ಇಟ್ಟಿದೆ. ಇಷ್ಟು ದಟ್ಟವಾದ ಜಾಲ ಇರುವ ರಾಜ್ಯದಲ್ಲಿ ಅರ್ಧ ಕೆಲಸ ಆಗಲೇ ಮುಗಿದಿದೆ. ಬೆಂಗಳೂರು, ಮೈಸೂರು, ಧಾರವಾಡ, ಬಳ್ಳಾರಿ, ಮಂಗಳೂರು, ಶಿವಮೊಗ್ಗಗಳಲ್ಲಿ ಒಂದೊಂದು ಪರಾಗ ಎಣಿಕೆ ಕೇಂದ್ರವನ್ನಾದರೂ ವಿಶ್ವವಿದ್ಯಾಲಯ ಅಥವಾ ವೈದ್ಯಕೀಯ ಕಾಲೇಜಿನ ಚಾವಣಿಯ ಮೇಲೆ ತೆರೆಯಿರಿ, ಎಣಿಕೆಯನ್ನು ಹವಾಮಾನ ವರದಿಯ ಜೊತೆಗೇ ಕನ್ನಡದಲ್ಲಿ ಪ್ರಕಟಿಸಿ ಎಂದು ನಿಮ್ಮ ಶಾಸಕರಿಗೆ, ಆರೋಗ್ಯ ಇಲಾಖೆಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ. ಒಬ್ಬರ ಪತ್ರ ಕಡತ ಸೇರೀತು. ಒಂದು ಬಡಾವಣೆಯ ಇನ್ನೂರು ಮನೆಯವರು ಸಹಿ ಹಾಕಿದ ಪತ್ರಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಜುಲೈ ಬಂದರೆ ವನಮಹೋತ್ಸವ. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ ಎಂಬ ಕಾರಣಕ್ಕೆ ಒಂದೇ ಜಾತಿಯ ಸಸಿಗಳನ್ನು ಲಾರಿಗಟ್ಟಲೆ ತಂದು ನೆಡುವುದನ್ನು ಒಪ್ಪಬೇಡಿ. ಕೊನೊಕಾರ್ಪಸ್ ಗಿಡವನ್ನು ಹೀಗೇ ಉದ್ದಕ್ಕೂ ನೆಟ್ಟ ಗುಜರಾತ್, 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಶಾಲೆ, ಆಸ್ಪತ್ರೆಯ ಸುತ್ತ ಗಾಳಿಪರಾಗದ ಮರ ಬೇಡ. ಹೊಂಗೆ, ಬೇವು, ನೇರಳೆ, ಮತ್ತಿ, ಸಂಪಿಗೆ, ಜಾಗವಿದ್ದಲ್ಲಿ ಆಲ, ಅತ್ತಿ ಬೆರೆಸಿ ನೆಡಿ ಎಂದು ಪಾಲಿಕೆಯವರಿಗೂ ಪಂಚಾಯಿತಿಯವರಿಗೂ ಹೇಳಿ. ಆದರೆ ಬೆಳೆದು ನಿಂತ ಮರಕ್ಕೆ ಅಲರ್ಜಿಯ ಹೆಸರಿನಲ್ಲಿ ಕೊಡಲಿ ಹಾಕಿಸಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕೆನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ, ನೆರಳು ಕಳೆದುಕೊಂಡ ರಸ್ತೆಯ ಬಿಸಿ ಮತ್ತು ಧೂಳು ಉಬ್ಬಸದವರಿಗೇ ಮೊದಲು ತಟ್ಟುತ್ತದೆ.

ಶಿಕ್ಷಕರಲ್ಲಿ ವಿಶೇಷ ಕೋರಿಕೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಮಕ್ಕಳು ಒಂದೊಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂವು, ಕಾಯಿ ಗಮನಿಸಿ ದಾಖಲಿಸುತ್ತಾರೆ. ನಿಮ್ಮ ಶಾಲೆಯನ್ನೂ ಸೇರಿಸಿ. ತಪಸಿ, ಸರ್ವೆ ಯಾವ ವಾರ ಹೂ ಬಿಟ್ಟಿತೆಂದು ನಿಮ್ಮ ಊರಿನ ಮಕ್ಕಳು ಬರೆದಿಟ್ಟರೆ, ಆ ಊರಿನ ಪರಾಗ ಪಂಚಾಂಗದ ಮೊದಲ ಪುಟ ಅದೇ.

ಅಲರ್ಜಿ ಇರುವ ಮನೆಯವರು ಇಷ್ಟು ಮಾಡಿ. ಸೀನು, ಕೆಮ್ಮು ಬಂದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅವತ್ತಿನ ಬಿಸಿಲು, ಗಾಳಿ, ಮಳೆಯನ್ನೂ ಪಕ್ಕದಲ್ಲಿ ಬರೆಯಿರಿ. ಹೂವಿನ ಕಾಲದ ಒಣ, ಗಾಳಿಯ ದಿನಗಳಲ್ಲಿ ಬಟ್ಟೆ ಒಳಗೆ ಒಣಗಿಸಿ, ಹೊರಗಿಂದ ಬಂದ ಮಕ್ಕಳಿಗೆ ಮುಖ, ತಲೆ ತೊಳೆಸಿ. ಗುಡುಗು ಮಳೆಯ ಮುಂಗಾಳಿ ಎದ್ದಾಗ ಕಿಟಕಿ ಮುಚ್ಚಿ ಒಳಗಿರಿ. ಅಂಗಡಿಯಲ್ಲಿ ತಾವೇ ಕೇಳಿ ಸ್ಟೀರಾಯ್ಡ್ ಮಾತ್ರೆ ನುಂಗಬೇಡಿ. ವೈದ್ಯರು ಬರೆದ ಇನ್‌ಹೇಲರನ್ನು ಆರಾಮಾಯಿತೆಂದು ನಡುವೆ ನಿಲ್ಲಿಸಬೇಡಿ. ಇನ್‌ಹೇಲರ್ ಚಟ ಹಿಡಿಸುತ್ತದೆ ಎಂಬ ಮಾತು ಸುಳ್ಳು, ಆ ಸುಳ್ಳನ್ನು ನಂಬಿ ಔಷಧ ಬಿಟ್ಟ ಮಕ್ಕಳು ತುರ್ತು ವಾರ್ಡಿಗೆ ಬರುತ್ತಾರೆ.

ಗುರುತು ಹಾಕಿದ ಆ ಕ್ಯಾಲೆಂಡರನ್ನು ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅದರದೇ ಒಂದು ಪ್ರತಿಯನ್ನು ನಿಮ್ಮ ಶಾಸಕರಿಗೆ ಬರೆಯುವ ಪತ್ರಕ್ಕೆ ಲಗತ್ತಿಸಿ, ಬಡಾವಣೆಯವರ ಸಹಿ ಹಾಕಿಸಿ, ಈ ತಿಂಗಳೇ ಕಳಿಸಿ.